ಎರಡು ಮನೆಗಳ ನಡುವೆ ಪವರ್‌ಲೈನ್ ಬದಲು ವೈರ್‌ಲೆಸ್ ಬ್ರಿಡ್ಜ್ ಹಾಕಬಹುದೇ?

ಪ್ರಶ್ನೆ: ಗಂಗಾವತಿಯಿಂದ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯ ಕಡೆಗಿರುವ ನಮ್ಮ ಊರಿನಲ್ಲಿ ನಮಗೆ ಎರಡು ಮನೆಗಳಿವೆ. ಹಳೆಯದು ದಪ್ಪ ಕಲ್ಲಿನ ಗೋಡೆಗಳ ಮಾಳಿಗೆ ಮನೆ. ಅದರಲ್ಲಿ ತಂದೆ ತಾಯಿ ಇದ್ದಾರೆ, ಓದಿಕೊಳ್ಳಲು ಶಾಂತವಾಗಿದೆಯೆಂದು ಮಗಳೂ ದಿನದ ಹೆಚ್ಚಿನ ಹೊತ್ತು ಅಲ್ಲಿಯೇ ಇರುತ್ತಾಳೆ. ಹೊಸದು ಆರ್‌ಸಿಸಿ ಮನೆ. ಎರಡರ ನಡುವೆ ಸುಮಾರು 80 ಮೀಟರ್ ಅಂತರವಿದ್ದು, ಮಧ್ಯದಲ್ಲಿ ಊರಿನ ಓಣಿ ಹಾದುಹೋಗುತ್ತದೆ. ಫೈಬರ್ ಸಂಪರ್ಕ ಬಂದಿರುವುದು ಹೊಸ ಮನೆಗೆ. ನಮ್ಮ ಪ್ಲಾನ್ 100 ಎಂಬಿಪಿಎಸ್‌ನದು. ಹಳೆಯ ಮನೆಯಲ್ಲಿ ಮಗಳ ಆನ್‌ಲೈನ್ ತರಗತಿ ಮತ್ತು ವಿಡಿಯೊ ಕರೆಗಳು ನಡೆಯಬೇಕು. ಅದಕ್ಕೆ ಹೊಂದಿಕೊಂಡಿರುವ ಭತ್ತದ ಗೋದಾಮಿನ ಮೂರು ಕ್ಯಾಮೆರಾಗಳು ಹೊಸ ಮನೆಯಲ್ಲಿರುವ ರೆಕಾರ್ಡರ್‌ಗೆ ಸೇರಬೇಕು.

ಸದ್ಯ ಮನೆಯ ವಿದ್ಯುತ್ ತಂತಿಯ ಮೂಲಕವೇ ಇಂಟರ್ನೆಟ್ ಸಾಗಿಸುವ ಪವರ್‌ಲೈನ್ ಅಡಾಪ್ಟರ್ ಜೋಡಿಯೊಂದನ್ನು ಬಳಸುತ್ತಿದ್ದೇವೆ. ಪೆಟ್ಟಿಗೆಯ ಮೇಲೆ 600 ಎಂಬಿಪಿಎಸ್ ಎಂದು ಬರೆದಿದೆ. ಬೆಳಗಿನ ಜಾವ ತರಗತಿಗೆ ಸಾಕಾಗುವಷ್ಟು ವೇಗ ಬಂದರೂ, ನೀರಿನ ಮೋಟಾರ್ ಚಾಲೂ ಆದ ಕೂಡಲೇ ಸಂಪರ್ಕ ಕುಸಿಯುತ್ತದೆ, ಕೆಲವೊಮ್ಮೆ ಕಡಿದೇ ಹೋಗುತ್ತದೆ. ಎರಡೂ ಮನೆಗಳಿಗೆ ಬೇರೆ ಬೇರೆ ವಿದ್ಯುತ್ ಮೀಟರ್‌ಗಳಿವೆ. ಇನ್ನೂ ಹೆಚ್ಚಿನ ಬೆಲೆಯ ಪವರ್‌ಲೈನ್ ಅಡಾಪ್ಟರ್ ತರುವುದು ಒಳ್ಳೆಯದೋ, ಎರಡೂ ಮಾಳಿಗೆಗಳ ಮೇಲೆ ಡಬ್ಬಿಗಳನ್ನು ಎದುರುಬದುರಾಗಿ ಇಟ್ಟು ವೈರ್‌ಲೆಸ್ ಬ್ರಿಡ್ಜ್ ಮಾಡುವುದು ಒಳ್ಳೆಯದೋ? ನಮ್ಮ ಕಡೆ ಬೇಸಿಗೆಯ ಬಿಸಿಲೂ, ಅದರ ಬೆನ್ನಿಗೇ ಬರುವ ಗುಡುಗು ಸಿಡಿಲೂ ಜೋರು ಎನ್ನುವುದನ್ನು ಗಮನದಲ್ಲಿಟ್ಟುಕೊಂಡು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಸಿಂಧನೂರಿನಿಂದ

ನಾನು ಮನೆಗಳ ವೈರಿಂಗ್ ಕೆಲಸ ಮಾಡುವವನು, ಆದ್ದರಿಂದ ಮೊದಲು ವಿದ್ಯುತ್ತಿನ ಕಡೆಯಿಂದ ಹೇಳುತ್ತೇನೆ. ಪವರ್‌ಲೈನ್ ಅಡಾಪ್ಟರ್ ಕೆಲಸ ಮಾಡುವುದು 50 ಹರ್ಟ್ಸ್ ವಿದ್ಯುತ್ ಹರಿಯುವ ಅದೇ ತಂತಿಗಳ ಮೇಲೆ ಮೆಗಾಹರ್ಟ್ಸ್ ಮಟ್ಟದ ಸಂಕೇತವನ್ನು ಏರಿಸುವುದರಿಂದ. ಆ ಸಂಕೇತ ಒಂದೇ ಮೀಟರಿನ ಒಳಗೆ, ಒಂದೇ ಫೇಸಿನ ಮೇಲೆ, ಕಡಿಮೆ ಜೋಡಣೆಗಳಿರುವ ತಾಮ್ರದ ತಂತಿಯಲ್ಲಿ ಚೆನ್ನಾಗಿ ಸಾಗುತ್ತದೆ. ನಿಮ್ಮಲ್ಲಿ ಅದು ಹೊಸ ಮನೆಯ ಎಂಸಿಬಿ, ಮೀಟರ್, ಕಂಬದಿಂದ ಬಂದ ಸರ್ವಿಸ್ ತಂತಿ, ಊರಿನ ಲೈನು, ಮತ್ತೆ ಹಳೆಯ ಮನೆಯ ಸರ್ವಿಸ್ ತಂತಿ, ಮೀಟರ್, ಎಂಸಿಬಿ ಇಷ್ಟನ್ನೂ ದಾಟಿ ಹೋಗಬೇಕು. ಎರಡು ಮನೆಗಳು ಬೇರೆ ಬೇರೆ ಫೇಸಿನಲ್ಲಿದ್ದರಂತೂ ಒಂದು ತಂತಿಯಿಂದ ಪಕ್ಕದ ತಂತಿಗೆ ಸೋರುವ ಸ್ವಲ್ಪ ಸಂಕೇತವಷ್ಟೇ ಆಚೆ ತಲುಪುತ್ತದೆ. ಬೆಳಗಿನ ಜಾವದಲ್ಲಿ ಬರುತ್ತಿರುವುದು ಬಹುಶಃ ಅದೇ.

ಮೋಟಾರ್ ಚಾಲೂ ಆದಾಗ ಕುಸಿಯುವುದಕ್ಕೂ ಕಾರಣವಿದೆ. ಮೋಟಾರಿನ ಸ್ಟಾರ್ಟರ್, ಅಗ್ಗದ ಎಲ್ಇಡಿ ಬಲ್ಬಿನ ಡ್ರೈವರ್, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವೆಲ್ಲವೂ ಅಡಾಪ್ಟರ್ ಬಳಸುವ ಅದೇ ಆವರ್ತನಗಳಲ್ಲಿ ತಂತಿಗೆ ಗದ್ದಲ ತುಂಬುತ್ತವೆ. ದುರ್ಬಲವಾಗಿ ಬರುವ ಸಂಕೇತ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಪೆಟ್ಟಿಗೆಯ ಮೇಲಿನ 600 ಎನ್ನುವುದು ತಂತಿಯ ಮೇಲಿನ ಎರಡೂ ದಿಕ್ಕುಗಳ ಕಚ್ಚಾ ವೇಗದ ಮೊತ್ತವೇ ಹೊರತು ನಿಮ್ಮ ಲ್ಯಾಪ್‌ಟಾಪಿಗೆ ಸಿಗುವ ವೇಗವಲ್ಲ; ಆ ದರ್ಜೆಯ ಎಷ್ಟೋ ಅಡಾಪ್ಟರ್‌ಗಳ ನೆಟ್‌ವರ್ಕ್ ಪೋರ್ಟ್ 100 ಎಂಬಿಪಿಎಸ್‌ನದೇ ಆಗಿರುತ್ತದೆ. 1200 ಎಂದು ಬರೆದಿರುವುದನ್ನು ತಂದರೂ ಮೀಟರ್‌ಗಳು ಎರಡೇ ಇರುತ್ತವೆ, ಮೋಟಾರೂ ಅಲ್ಲೇ ಇರುತ್ತದೆ.

ಪವರ್‌ಲೈನನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಒಂದೇ ಮನೆಯ ಕೆಳಗಿನಿಂದ ಮಹಡಿಗೆ ಒಯ್ಯುವುದಾದರೆ, ಅಡಾಪ್ಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚದೆ ನೇರವಾಗಿ ಗೋಡೆಯ ಸಾಕೆಟ್ಟಿಗೇ ಹಾಕಿದರೆ, ಅದು ಇಂದಿಗೂ ಒಳ್ಳೆಯ ಉಪಾಯ. ಸರ್ಜ್ ಫಿಲ್ಟರ್ ಇರುವ ಬೋರ್ಡು ಈ ಸಂಕೇತವನ್ನು ಗದ್ದಲವೆಂದೇ ತಿಳಿದು ನುಂಗಿಬಿಡುತ್ತದೆ. ಆದರೆ ನಿಮ್ಮ ಸಂದರ್ಭದಲ್ಲಿ ಅದರ ಮೇಲೆ ಇನ್ನಷ್ಟು ಹಣ ಹಾಕುವುದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಉತ್ತರ: ಬಳ್ಳಾರಿಯಿಂದ

ಸಿಂಧನೂರಿನವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಒಂದು ಮಾಳಿಗೆಯಿಂದ ಇನ್ನೊಂದು ಮಾಳಿಗೆ ನೇರವಾಗಿ ಕಾಣುತ್ತದೆ ಎನ್ನುವುದಾದರೆ 80 ಮೀಟರ್ ಎನ್ನುವುದು ವೈರ್‌ಲೆಸ್ ಬ್ರಿಡ್ಜಿಗೆ ಬಹಳ ಸಣ್ಣ ದೂರ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಅಂಗಡಿಗಳಲ್ಲಿ ಎರಡನ್ನೂ ಒಂದೇ ಎಂಬಂತೆ ಮಾರುತ್ತಾರೆ. ರಿಪೀಟರ್ ಎನ್ನುವುದು ಒಂದೇ ರೇಡಿಯೊದಿಂದ ಆ ಕಡೆಯ ಮಾತನ್ನು ಕೇಳಿ, ಅದೇ ರೇಡಿಯೊದಿಂದ ಈ ಕಡೆಯ ಫೋನುಗಳಿಗೆ ಮತ್ತೆ ಹೇಳುವ ಸಾಧನವಾದ್ದರಿಂದ ವೇಗದಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲಿಯೇ ಕಳೆದುಹೋಗುತ್ತದೆ. ಬ್ರಿಡ್ಜಿನಲ್ಲಿ ಎರಡು ಹೊರಾಂಗಣ ಸಾಧನಗಳು ಪರಸ್ಪರ ಮಾತ್ರ ಮಾತನಾಡುತ್ತವೆ; ಎರಡೂ ತುದಿಯಲ್ಲಿ ನೆಟ್‌ವರ್ಕ್ ಕೇಬಲ್ ಹೊರಬರುತ್ತದೆ; ಮನೆಯೊಳಗಿನ ವೈಫೈ ಕೆಲಸವನ್ನು ಬೇರೊಂದು ರೂಟರ್ ನೋಡಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಉದ್ದನೆಯ ಕೇಬಲ್ ಒಂದನ್ನು ಎಳೆದಂತೆ ಅದು ನಡೆದುಕೊಳ್ಳಬೇಕು. ಕ್ಯಾಮೆರಾಗಳು ಆಚೆಯ ರೆಕಾರ್ಡರ್‌ಗೆ ನೇರವಾಗಿ ಕಾಣಬೇಕಾದರೆ ಇದೇ ಸರಿಯಾದ ದಾರಿ.

ಸಾಧನದ ಆಯ್ಕೆ: 5 ಗಿಗಾಹರ್ಟ್ಸ್ ಆವರ್ತನದ ಪಟ್ಟಿಯದನ್ನೇ (ಬ್ಯಾಂಡ್) ತೆಗೆದುಕೊಳ್ಳಿ. 2.4 ಗಿಗಾಹರ್ಟ್ಸ್ ಪಟ್ಟಿ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್ ಎಲ್ಲದರಿಂದ ತುಂಬಿಹೋಗಿದೆ. ಟಿಪಿ-ಲಿಂಕ್ ಸಿಪಿಇ510 ಜೋಡಿ ನಿಮಗೆ ಹೊಂದುತ್ತದೆ. ಅದರ ಆಂಟೆನಾ 13 ಡಿಬಿಐ (ಸಂಕೇತವನ್ನು ಒಂದು ದಿಕ್ಕಿಗೆ ಕೇಂದ್ರೀಕರಿಸುವ ಬಲದ ಅಳತೆ), ಪೋರ್ಟ್ 100 ಎಂಬಿಪಿಎಸ್. ನಿಮ್ಮ ಪ್ಲಾನೇ 100 ಆಗಿರುವುದರಿಂದ ಅದು ಅಡ್ಡಿಯಲ್ಲ. ಮುಂದೆ ಪ್ಲಾನ್ ಏರಿಸುವ ಯೋಚನೆಯಿದ್ದರೆ ಗಿಗಾಬಿಟ್ ಪೋರ್ಟ್ ಇರುವ ಮಾದರಿಯನ್ನು ಈಗಲೇ ಕೊಳ್ಳುವುದು ಮೇಲು. ಒಂದು 4 ಮೆಗಾಪಿಕ್ಸೆಲ್ ಕ್ಯಾಮೆರಾಗೆ 4ರಿಂದ 6 ಎಂಬಿಪಿಎಸ್ ಹಿಡಿದರೂ ಮೂರಕ್ಕೆ 18 ದಾಟುವುದಿಲ್ಲ. ಉಳಿದದ್ದು ತರಗತಿಗೂ ವಿಡಿಯೊ ಕರೆಗೂ ಧಾರಾಳವಾಗಿ ಸಾಕು.

ಕಾನೂನಿನ ಕಡೆಯಿಂದ ತೊಡಕಿಲ್ಲ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ 5150ರಿಂದ 5350 ಮತ್ತು 5470ರಿಂದ 5875 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗಳನ್ನು, ಗೊತ್ತುಪಡಿಸಿದ ಶಕ್ತಿಯ ಮಿತಿಯೊಳಗೆ, ಮನೆಯ ಹೊರಗೂ ಪರವಾನಗಿಯಿಲ್ಲದೆ ಬಳಸಬಹುದು. ಸೆಟ್ಟಿಂಗಿನಲ್ಲಿ ದೇಶ ಭಾರತ ಎಂದೇ ಇರಲಿ. ಮಿತಿಗಳನ್ನು ಸಾಧನವೇ ಪಾಲಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ನಡುವೆ ಏನಿದೆ ಎಂದು ನೀವು ಬರೆದಿಲ್ಲ. ಮರವೋ ತಗಡಿನ ಶೆಡ್ಡೋ ಇದ್ದರೆ ದಯವಿಟ್ಟು ತಿಳಿಸಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಎರಡೂ ಮಾಳಿಗೆಗಳ ಮೇಲೆ ನಿಂತರೆ ಒಂದರಿಂದ ಇನ್ನೊಂದು ಕಾಣುತ್ತದೆ, ಆದರೆ ಓಣಿಯ ಅಂಚಿನಲ್ಲಿ ದೊಡ್ಡ ಬೇವಿನ ಮರವೊಂದಿದೆ. ಈಗ ಎಲೆಗಳು ಉದುರಿರುವುದರಿಂದ ಕೊಂಬೆಗಳ ಸಂದಿಯಲ್ಲಿ ಆಚೆಯ ಮನೆಯ ಪ್ಯಾರಾಪೆಟ್ ಸ್ಪಷ್ಟವಾಗಿ ಕಾಣಿಸುತ್ತಿದೆ. ಪಟ್ಟಣದ ಅಂಗಡಿಯೊಬ್ಬರು, ಮರವಿದ್ದರೆ 23 ಡಿಬಿಐನ ದೊಡ್ಡ ಡಿಶ್ ಆಂಟೆನಾ ಹಾಕಿ, ಸೀಳಿಕೊಂಡು ಹೋಗುತ್ತದೆ ಎಂದು ಹೇಳಿದ್ದಾರೆ. ಇನ್ನೊಂದು ತೊಂದರೆಯೆಂದರೆ ಅಂಜನಾದ್ರಿ ಬೆಟ್ಟದ ಕಡೆಯಿಂದ ಕೋತಿಗಳ ಹಿಂಡು ಬರುತ್ತಿರುತ್ತದೆ. ಡಿಟಿಎಚ್ ಕೇಬಲ್ಲನ್ನು ಹಿಡಿದು ಜಗ್ಗುತ್ತವೆ.

ಉತ್ತರ: ಬಳ್ಳಾರಿಯಿಂದ

ಬೇವಿನ ವಿಷಯವನ್ನು ಹೇಳಿದ್ದು ಬಹಳ ಒಳ್ಳೆಯದಾಯಿತು. ಶಿವರಾತ್ರಿಯ ಹೊತ್ತಿಗೆ ಬೋಳಾಗಿರುವ ಬೇವು ಯುಗಾದಿಯ ಹೊತ್ತಿಗೆ ಚಿಗುರಿ, ಮಳೆಗಾಲದೊಳಗೆ ದಟ್ಟವಾಗಿಬಿಡುತ್ತದೆ. 5 ಗಿಗಾಹರ್ಟ್ಸ್ ತರಂಗವನ್ನು ನೀರು ತುಂಬಿದ ಹಸಿ ಎಲೆಗಳು ಹೀರಿಕೊಳ್ಳುತ್ತವೆ, ಮಳೆಯಲ್ಲಿ ನೆನೆದು ಗಾಳಿಗೆ ಅಲ್ಲಾಡುವಾಗ ಇನ್ನೂ ಹೆಚ್ಚು. ಈಗ ಪರೀಕ್ಷಿಸಿ ಚೆನ್ನಾಗಿದೆ ಎಂದು ಬೋಲ್ಟ್ ಬಿಗಿದರೆ ಆಷಾಢದಲ್ಲಿ ಸಂಪರ್ಕ ತೂಗಾಡತೊಡಗುತ್ತದೆ. ಆದ್ದರಿಂದ ಸಾಧನಗಳನ್ನು ಮರದ ಪಕ್ಕಕ್ಕೆ ಸರಿಸಿ, ಇಲ್ಲವೇ ಹೊಸ ಮನೆಯ ಮೇಲೆ ಸಾಧನವನ್ನು ಕೂರಿಸುವ ಪೈಪನ್ನು ಎತ್ತರಿಸಿ.

ಎಷ್ಟು ಸರಿಸಬೇಕು ಎಂಬುದಕ್ಕೆ ಲೆಕ್ಕವಿದೆ. ರೇಡಿಯೊ ತರಂಗ ದಾರದಂತೆ ತೆಳ್ಳಗೆ ಹೋಗುವುದಿಲ್ಲ. ಅದರ ಸುತ್ತ ಫ್ರೆನೆಲ್ ವಲಯ ಎಂಬ ಜಾಗವೊಂದು ಖಾಲಿ ಇರಬೇಕು. 80 ಮೀಟರ್ ದೂರಕ್ಕೆ 5.8 ಗಿಗಾಹರ್ಟ್ಸ್‌ನಲ್ಲಿ ಆ ವಲಯದ ತ್ರಿಜ್ಯ ನಟ್ಟನಡುವೆ ಸುಮಾರು 1 ಮೀಟರ್, ತುದಿಗಳತ್ತ ಕಡಿಮೆ. ಎರಡು ಸಾಧನಗಳನ್ನು ಜೋಡಿಸುವ ನೇರ ಗೆರೆಯಿಂದ ಎಲ್ಲ ಕಡೆಗೂ ಒಂದು ಮೀಟರಿನಷ್ಟು ಜಾಗ, ಮರ ಪೂರ್ತಿ ಎಲೆ ಬಿಟ್ಟಾಗಲೂ, ಖಾಲಿ ಉಳಿಯುವಂತೆ ನೋಡಿಕೊಂಡರೆ ಸಾಕು. ಹೊಸ ಮನೆಯ ಪ್ಯಾರಾಪೆಟ್ಟಿನ ಉದ್ದಕ್ಕೂ ನಡೆಯುತ್ತಾ ನೋಡಿದರೆ ಮರವನ್ನು ತಪ್ಪಿಸುವ ಮೂಲೆ ಬಹುಮಟ್ಟಿಗೆ ಸಿಕ್ಕೇ ಸಿಗುತ್ತದೆ. ಮರವನ್ನು ಕಡಿಯುವ ಮಾತಂತೂ ಬೇಡವೇ ಬೇಡ.

ದೊಡ್ಡ ಡಿಶ್ ತರಬೇಡಿ. ಮುಕ್ತ ಆಕಾಶದಲ್ಲಿ 80 ಮೀಟರಿಗೆ ಆಗುವ ನಷ್ಟ ಸುಮಾರು 86 ಡಿಬಿ. ಪ್ರಸಾರ ಶಕ್ತಿ 20 ಡಿಬಿಎಂ, ಎರಡೂ ಕಡೆ 13 ಡಿಬಿಐ ಆಂಟೆನಾ ಎಂದು ಹಿಡಿದರೆ ಆಚೆ ತಲುಪುವುದು ಸುಮಾರು −40 ಡಿಬಿಎಂ (ಈ ಅಳತೆಯಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಸಂಕೇತ ಜೋರು). ಇದೇ ಬೇಕಾದುದಕ್ಕಿಂತ ಜೋರು. ಎರಡೂ ಕಡೆ 23 ಡಿಬಿಐ ಹಾಕಿದರೆ ಅದು −20 ಆಗಿ, ಸಂಕೇತವನ್ನು ಪಡೆಯುವ ಕಡೆಯ ರೇಡಿಯೊ ತುಂಬಿ ತುಳುಕಿ ವೇಗ ಏರುವ ಬದಲು ಇಳಿಯುತ್ತದೆ. ಕಿರಿದಾದ ಕಿರಣವನ್ನು ಗುರಿಯಿಡುವ ಕಷ್ಟ ಬೇರೆ. −50ರಿಂದ −60ರೊಳಗೆ ನಿಲ್ಲುವಂತೆ ಶಕ್ತಿಯನ್ನು ತಗ್ಗಿಸಿದರೆ ಸಂಪರ್ಕವೂ ಸ್ಥಿರವಾಗಿರುತ್ತದೆ, ನೆರೆಯವರಿಗೂ ಅಡಚಣೆಯಾಗುವುದಿಲ್ಲ. ಎಲೆಯನ್ನು ಸೀಳಿಕೊಂಡು ಹೋಗುವ ಆಂಟೆನಾ ಎಂಬುದು ಇಲ್ಲ.

ಕೋತಿಗಳಿಗೆ ತೂಗಾಡುವ ಕೇಬಲ್ ಕಾಣಿಸಲೇಬಾರದು. ಸಾಧನದ ಬುಡದಿಂದಲೇ ಕೇಬಲ್ಲನ್ನು ಪಿವಿಸಿ ಪೈಪಿನೊಳಗೆ ಇಳಿಸಿ, ಪೈಪನ್ನು ಗೋಡೆಗೆ ಒತ್ತೊತ್ತಾಗಿ ಕ್ಲಾಂಪ್ ಮಾಡಿ. ಸಾಧನವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿ ಬಿಡದೆ ಉಕ್ಕಿನ ಕ್ಲಿಪ್ಪಿನಿಂದ ಬಿಗಿಯಿರಿ. ಬಿಸಿಲಿಗೆ ಪ್ಲಾಸ್ಟಿಕ್ ಪಟ್ಟಿ ಪುಡಿಯಾಗಿಬಿಡುತ್ತದೆ. ಹಳೆಯ ಮನೆಯಲ್ಲಿ ಮಾಳಿಗೆಯ ಮಣ್ಣನ್ನು ಅಗೆದು ಪೈಪ್ ನೆಡಬೇಡಿ, ಮಳೆ ಬಂದಾಗ ಅಲ್ಲಿಂದಲೇ ಸೋರುವುದು ಶುರುವಾಗುತ್ತದೆ. ಪಕ್ಕದ ಕಲ್ಲಿನ ಗೋಡೆಗೆ ಜಿಐ ಪೈಪನ್ನು ಹಿಡಿಸಿ ಮಾಳಿಗೆಯ ಮಟ್ಟಕ್ಕಿಂತ ಮೇಲೇರಿಸಿ. ಕೇಬಲ್ಲನ್ನು ಬೆಳಕಿಂಡಿಯಿಂದ ಒಳಗೆ ತರುವುದಾದರೆ, ಒಳಹೋಗುವ ಮುನ್ನ ಅದನ್ನು ಸ್ವಲ್ಪ ಕೆಳಗೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತನ್ನಿ; ಕೇಬಲ್ ಗುಂಟ ಹರಿದ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ಉತ್ತರ: ಕೊಪ್ಪಳದಿಂದ

ಮೇಲಿನ ಸಲಹೆಗಳೆಲ್ಲ ಸರಿಯಾಗಿವೆ, ಆದರೂ ಫೈಬರ್ ಎಳೆಯುವ ಸಾಧ್ಯತೆಯನ್ನು ಯಾರೂ ಎತ್ತಲಿಲ್ಲವೆಂದು ಬರೆಯುತ್ತಿದ್ದೇನೆ. ಎರಡು ಕಟ್ಟಡಗಳ ನಡುವೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆಯುವುದನ್ನು ನಾನು ಎಂದೂ ಹೇಳುವುದಿಲ್ಲ. 100 ಮೀಟರ್ ಮಿತಿಯೊಳಗೆ ಬಂದರೂ ಎರಡು ಮನೆಗಳ ಅರ್ಥಿಂಗ್ ಬೇರೆಯಾಗಿರುವುದರಿಂದ ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡೂ ಕಡೆಯ ಸಾಧನಗಳು ಸುಡುತ್ತವೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಎರಡು ತುದಿಗೆ ಫೈಬರಿನ ಬೆಳಕನ್ನು ನೆಟ್‌ವರ್ಕ್ ಕೇಬಲ್ಲಿನ ಸಂಕೇತಕ್ಕೆ ಬದಲಿಸುವ ಒಂದೊಂದು ಮೀಡಿಯಾ ಕನ್ವರ್ಟರ್, ನಡುವೆ ಒಂದು ಕೋರ್‌ನ ಡ್ರಾಪ್ ಕೇಬಲ್, ಇಷ್ಟಿದ್ದರೆ ಗಿಗಾಬಿಟ್ ವೇಗ ಸಿಗುತ್ತದೆ. ಮರ, ಮಳೆ, ಚಾನೆಲ್ ಯಾವುದರ ಚಿಂತೆಯೂ ಇರುವುದಿಲ್ಲ. ಫೈಬರ್ ಎಳೆಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಯಂತ್ರವಿರುವ ಕೇಬಲ್ ಕೆಲಸದ ಹುಡುಗರು ಈಗ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಸಿಗುತ್ತಾರೆ. ಡ್ರಾಪ್ ಕೇಬಲ್ಲಿನ ಪಕ್ಕದಲ್ಲಿ ಓಡುವ ಉಕ್ಕಿನ ತಂತಿಯನ್ನು ಮಾತ್ರ ಗೋಡೆಯ ಹೊರಗಡೆಯೇ ಕತ್ತರಿಸಿ ನಿಲ್ಲಿಸಬೇಕು, ಒಳಗೆ ತರಬಾರದು.

ನಿಮ್ಮಲ್ಲಿ ತೊಡಕಿರುವುದು ಓಣಿಯದು. ಮೇಲಿನಿಂದ ಎಳೆದರೆ ಭತ್ತದ ಹುಲ್ಲು ಹೇರಿದ ಟ್ರಾಕ್ಟರ್ ಟ್ರೇಲರ್ ಹಾದುಹೋಗುವಷ್ಟು ಎತ್ತರ ಬೇಕು, ವಿದ್ಯುತ್ ಕಂಬಗಳನ್ನು ಬಳಸುವಂತಿಲ್ಲ. ಕೆಳಗಿನಿಂದ ತರುವುದಾದರೆ ರಸ್ತೆ ಅಗೆಯಲು ಪಂಚಾಯಿತಿಯ ಒಪ್ಪಿಗೆ ಬೇಕು. ಅದು ಸುಲಭವಾಗಿ ಆಗುವುದಾದರೆ ಫೈಬರ್ ಹಾಕಿ. ಆಗದಿದ್ದರೆ ಬ್ರಿಡ್ಜ್ ಹಾಕಿ, ಆದರೆ ಸಿಡಿಲಿನ ಕೆಲಸವನ್ನು ಉದಾಸೀನ ಮಾಡಬೇಡಿ. ಜಿಐ ಪೈಪನ್ನು ದಪ್ಪ ತಂತಿಯಿಂದ ಮನೆಯ ಅರ್ಥಿಂಗ್‌ಗೆ ಸೇರಿಸಿ. ಹೊರಾಂಗಣದ ಕವಚವಿರುವ ಶೀಲ್ಡೆಡ್ ಕೇಬಲ್ ಬಳಸಿ, ಅದು ಮನೆಯೊಳಗೆ ಬರುವ ಜಾಗದಲ್ಲಿ ಈಥರ್ನೆಟ್ ಸರ್ಜ್ ಪ್ರೊಟೆಕ್ಟರ್ ಕೂರಿಸಿ. ಮನೆಯ ಅತ್ಯಂತ ಎತ್ತರದ ತುದಿಯಲ್ಲಿ ಸಾಧನ ಇರದಿರಲಿ. ಸಾಧನಕ್ಕೆ ಕರೆಂಟ್ ಹೋಗುವುದೂ ಇದೇ ಕೇಬಲ್ಲಿನಲ್ಲಿ, ಆದ್ದರಿಂದ ಕೇಬಲ್ ಕೊಳ್ಳುವಾಗ ಅಪ್ಪಟ ತಾಮ್ರದ್ದೇ ಎಂದು ಕೇಳಿ ತನ್ನಿ: ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ಲಿನಲ್ಲಿ ವೋಲ್ಟೇಜ್ ಇಳಿದು ಸಾಧನ ಆಗಾಗ ತಾನೇ ರೀಸ್ಟಾರ್ಟ್ ಆಗುತ್ತಿರುತ್ತದೆ, ಜನ ರೇಡಿಯೊವನ್ನು ದೂರುತ್ತಾರೆ.

ಪ್ರಶ್ನೆ ಕೇಳಿದವರಿಂದ

ಓಣಿ ಅಗೆಯುವುದು ಸದ್ಯಕ್ಕೆ ಆಗುವ ಮಾತಲ್ಲ, ಹೊಸದಾಗಿ ಸಿಮೆಂಟ್ ರಸ್ತೆ ಹಾಕಿದ್ದಾರೆ. ಹೊಸ ಮನೆಯ ಈಶಾನ್ಯದ ಮೂಲೆಯಿಂದ ನೋಡಿದರೆ ಮರ ಪೂರ್ತಿಯಾಗಿ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಬ್ರಿಡ್ಜನ್ನೇ ಹಾಕುತ್ತೇವೆ. ಸೆಟ್ಟಿಂಗ್ ಹೇಗೆ ಮಾಡಬೇಕು ಮತ್ತು ಕರೆಂಟ್ ಹೋದಾಗ ಏನು ಮಾಡಬೇಕು ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಬಳ್ಳಾರಿಯಿಂದ

ಎರಡೂ ಸಾಧನಗಳನ್ನು ಮಾಳಿಗೆಗೆ ಒಯ್ಯುವ ಮೊದಲು ಪಡಸಾಲೆಯ ಮೇಜಿನ ಮೇಲೆಯೇ ಹೊಂದಿಸಿ ಮುಗಿಸಿ. ಟಿಪಿ-ಲಿಂಕ್ ಸಿಪಿಇ ಸಾಧನಗಳ ಮೂಲ ವಿಳಾಸ 192.168.0.254. ಎರಡಕ್ಕೂ ಅದೇ ಇರುವುದರಿಂದ ಒಂದಾದ ಮೇಲೆ ಒಂದನ್ನು ತೆರೆದು, ಲ್ಯಾಪ್‌ಟಾಪಿಗೆ ಅದೇ ಸರಣಿಯ ಸ್ಥಿರ ವಿಳಾಸ ಕೊಟ್ಟು, ನಿಮ್ಮ ಮುಖ್ಯ ರೂಟರಿನ ಸರಣಿಯಲ್ಲಿ ಖಾಲಿಯಿರುವ ಬೇರೆ ಬೇರೆ ವಿಳಾಸಗಳಿಗೆ ಬದಲಿಸಿ. ಹೊಸ ಮನೆಯದು ಆಕ್ಸೆಸ್ ಪಾಯಿಂಟ್, ಹಳೆಯ ಮನೆಯದು ಕ್ಲೈಂಟ್. ಎರಡರಲ್ಲೂ ಡಬ್ಲ್ಯೂಡಿಎಸ್ ಆಯ್ಕೆ ಚಾಲೂ ಇರಬೇಕು. ಸಾಮಾನ್ಯ ಕ್ಲೈಂಟ್ ತನ್ನ ಒಂದೇ ಮ್ಯಾಕ್ ವಿಳಾಸದ (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಪರವಾಗಿ ಮಾತ್ರ ಮಾತನಾಡುತ್ತದೆ. ಡಬ್ಲ್ಯೂಡಿಎಸ್ ಇದ್ದಾಗ ನಾಲ್ಕು ವಿಳಾಸಗಳ ಚೌಕಟ್ಟು ಬಳಕೆಯಾಗಿ ಅದರ ಹಿಂದಿರುವ ಕ್ಯಾಮೆರಾ, ಲ್ಯಾಪ್‌ಟಾಪ್ ಎಲ್ಲದರ ಗುರುತೂ ಬದಲಾಗದೆ ಆಚೆ ತಲುಪುತ್ತದೆ. ರೆಕಾರ್ಡರ್‌ಗೆ ಕ್ಯಾಮೆರಾ ಸಿಗುತ್ತಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಈ ಆಯ್ಕೆ ಬಿಟ್ಟುಹೋಗಿರುತ್ತದೆ.

ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸ ಮುಖ್ಯ ರೂಟರಿನಲ್ಲಿ ಮಾತ್ರ ನಡೆಯಬೇಕು. ಎರಡು ಬ್ರಿಡ್ಜ್ ಸಾಧನಗಳಲ್ಲೂ, ಹಳೆಯ ಮನೆಯ ಒಳಗಿಡುವ ರೂಟರಿನಲ್ಲೂ ಅದನ್ನು ನಿಲ್ಲಿಸಿ. ಒಳಗಿನ ರೂಟರಿಗೆ ಕೇಬಲ್ಲನ್ನು ವ್ಯಾನ್ ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೆ ಹಾಕಿ, ಅಥವಾ ಅದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನೇ ಆರಿಸಿ. ಕಲ್ಲಿನ ಗೋಡೆಗಳಿರುವುದರಿಂದ ರೂಟರನ್ನು ಮಗಳು ಓದುವ ಕೋಣೆಯೊಳಗೇ ಇಡಿ. ಗೋದಾಮಿನ ಕ್ಯಾಮೆರಾಗಳಿಗೆ ಒಂದು ಸಣ್ಣ ಸ್ವಿಚ್‌ನಿಂದ ಕೇಬಲ್ ಎಳೆಯಿರಿ. ತಗಡಿನ ಒಳಗೆ ವೈಫೈ ಹೋಗುವುದಿಲ್ಲ.

ಚಾನೆಲ್ ಅಗಲ ಮೊದಲು 20 ಮೆಗಾಹರ್ಟ್ಸ್ ಇರಲಿ, ವೇಗ ಸಾಲದಿದ್ದರೆ 40 ಮಾಡಿ. 149ರಿಂದ 165ರವರೆಗಿನ ಚಾನೆಲ್‌ಗಳಲ್ಲಿ ಖಾಲಿಯಿರುವುದನ್ನು ಹಿಡಿಯಿರಿ. ಭದ್ರತೆಗೆ ಡಬ್ಲ್ಯೂಪಿಎ2 ಎಇಎಸ್, ಉದ್ದನೆಯ ಪಾಸ್‌ವರ್ಡ್. ಮೇಲೆ ಕೂರಿಸಿದ ಬಳಿಕ ಒಬ್ಬರು ಸಿಗ್ನಲ್ ನೋಡುತ್ತಾ ಫೋನಿನಲ್ಲಿ ಹೇಳಲಿ, ಇನ್ನೊಬ್ಬರು ಸಾಧನವನ್ನು ನಿಧಾನವಾಗಿ ತಿರುಗಿಸಲಿ; ಒಂದು ತುದಿ ಪೂರ್ತಿ ಬಿಗಿದ ಮೇಲೆಯೇ ಇನ್ನೊಂದನ್ನು ಮುಟ್ಟಿ. ವೇಗವನ್ನು ಇಂಟರ್ನೆಟ್ ಪರೀಕ್ಷೆಯಿಂದ ಅಳೆಯುವ ಬದಲು ಎರಡು ಲ್ಯಾಪ್‌ಟಾಪ್‌ಗಳ ನಡುವೆ ಐಪರ್ಫ್3 ಎಂಬ ವೇಗ ಅಳೆಯುವ ತಂತ್ರಾಂಶ ಓಡಿಸಿದರೆ ತೊಂದರೆ ಬ್ರಿಡ್ಜಿನದೋ ಫೈಬರ್ ಸಂಪರ್ಕದ್ದೋ ಎಂಬುದು ಬೇರೆಯಾಗಿ ಗೊತ್ತಾಗುತ್ತದೆ.

ಉತ್ತರ: ಸಿಂಧನೂರಿನಿಂದ

ಕರೆಂಟಿನ ಪ್ರಶ್ನೆಗೆ ನಾನು ಹೇಳುತ್ತೇನೆ. ಬ್ರಿಡ್ಜಿನ ಎರಡೂ ತುದಿಗಳಿಗೆ ವಿದ್ಯುತ್ ಇದ್ದರೆ ಮಾತ್ರ ಅದು ನಡೆಯುತ್ತದೆ. ಆದ್ದರಿಂದ ಹೊಸ ಮನೆಯಲ್ಲಿ ಫೈಬರ್ ಡಬ್ಬಿ, ರೂಟರ್, ಪಿಒಇ ಇಂಜೆಕ್ಟರ್ (ನೆಟ್‌ವರ್ಕ್ ಕೇಬಲ್ಲಿನ ಮೂಲಕವೇ ಹೊರಗಿನ ಸಾಧನಕ್ಕೆ ಕರೆಂಟ್ ಕಳಿಸುವ ಡಬ್ಬಿ) ಈ ಮೂರನ್ನೂ, ಹಳೆಯ ಮನೆಯಲ್ಲಿ ಇಂಜೆಕ್ಟರ್, ರೂಟರ್, ಸ್ವಿಚ್ ಇವನ್ನೂ ಇನ್ವರ್ಟರಿನ ಸಾಲಿನಲ್ಲಿರುವ ಸಾಕೆಟ್ಟಿಗೆ ಹಾಕಬೇಕು. ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆಂದು ಸಿಗುವ ಮಿನಿ ಯುಪಿಎಸ್ ಬಳಸಬಹುದು, ಆದರೆ ಒಂದು ಎಚ್ಚರ: ಅವುಗಳಲ್ಲಿ ಹೆಚ್ಚಿನವು ಕೊಡುವುದು 12 ವೋಲ್ಟ್, ಇಂತಹ ಹೊರಾಂಗಣ ಸಾಧನಗಳ ಇಂಜೆಕ್ಟರ್ ಕೊಡುವುದು ಸಾಮಾನ್ಯವಾಗಿ 24 ವೋಲ್ಟ್ ಪ್ಯಾಸಿವ್ ಪಿಒಇ. 24 ವೋಲ್ಟ್ ಪಿಒಇ ಹೊರಗೆಡಹುವ ಮಿನಿ ಯುಪಿಎಸ್ ಬೇರೆಯಾಗಿ ಸಿಗುತ್ತದೆ, ಅದನ್ನೇ ಕೇಳಿ ತನ್ನಿ. ಪ್ಯಾಸಿವ್ ಪಿಒಇ ಎದುರಿಗೆ ಏನಿದೆಯೆಂದು ಪರೀಕ್ಷಿಸದೆ ಕರೆಂಟ್ ಬಿಡುವುದರಿಂದ ಪಿಒಇ ಎಂದು ಗುರುತಿರುವ ಆ ಪೋರ್ಟಿಗೆ ಸಾಧನದ ಕೇಬಲ್ಲನ್ನು ಬಿಟ್ಟು ಲ್ಯಾಪ್‌ಟಾಪನ್ನೋ ರೂಟರನ್ನೋ ಎಂದಿಗೂ ಚುಚ್ಚಬೇಡಿ. ಎರಡು ಪೋರ್ಟ್‌ಗಳ ಮೇಲೂ ಪಿಒಇ, ಲ್ಯಾನ್ ಎಂದು ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದರೆ, ನೀವು ಊರಿನಲ್ಲಿ ಇಲ್ಲದಾಗ ತಂದೆಯವರು ಕೇಬಲ್ ತೆಗೆದು ಹಾಕಬೇಕಾಗಿ ಬಂದರೂ ಗೊಂದಲವಾಗುವುದಿಲ್ಲ. ಇಂಜೆಕ್ಟರನ್ನು ಬಿಸಿಲು ಬೀಳುವ ಮಾಳಿಗೆಯ ಮೇಲಿನ ಪೆಟ್ಟಿಗೆಯಲ್ಲಿ ಇಡದೆ ಮನೆಯೊಳಗೇ ಇಡಿ. ಹೊರಗಿನ ರೇಡಿಯೊ ಬಿಸಿಲಿಗೆಂದೇ ತಯಾರಾಗಿರುತ್ತದೆ, ಇಂಜೆಕ್ಟರ್ ಹಾಗಲ್ಲ.